ಅಪ್ಪಲರಾಜು ಬರೆದ ನಾಲಿಗೆ

ನಾಲಿಗೆ ತೋರಿಸಿ ಎಂದರೆ ದೊಡ್ಡವರು ನಾಚಿಕೊಳ್ಳುತ್ತಾರೆ. ಹುಳುಕು ಹಲ್ಲು ತೋರಿಸಲು ಸಂಕೋಚವಿಲ್ಲ, ಊದಿದ ವಸಡು ತೋರಿಸಲು ಅಂಜಿಕೆಯಿಲ್ಲ. ನಾಲಿಗೆ ಮಾತ್ರ ತುದಿಯಷ್ಟು ಇಣುಕಿ ಒಳಗೆ ಓಡಿಬಿಡುತ್ತದೆ. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ವಿಜಯವಾಡದಲ್ಲಿ ಆರಂಭಿಸಿ ವಿಶಾಖಪಟ್ಟಣದಲ್ಲಿ ಮುಗಿಸಿದ ದಂತವೈದ್ಯೆ ನಾನು. ಹುಟ್ಟಿದ್ದು ಹುಬ್ಬಳ್ಳಿ, ಕೈಹಿಡಿದವರು ತೆಲುಗಿನವರು.

ಈಗ ಮಧ್ಯಾಹ್ನದ ಊಟ ಮುಗಿಸಿ ಬಾಲ್ಕನಿಯ ಕುರ್ಚಿಯಲ್ಲಿ ಒರಗಿದರೆ ಸಮುದ್ರದ ಗಾಳಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆಗ ನಾಲಿಗೆಗಳು ಬರುತ್ತವೆ. ಮುಖಗಳು ಮರೆತಿವೆ, ಹೆಸರುಗಳಂತೂ ಕೇಳಲೇಬೇಡಿ. ನಡುವೆ ಸೀಳು ಬಿದ್ದ ನಾಲಿಗೆ, ಅಂಚಿನಲ್ಲಿ ಹಲ್ಲಿನ ಗುರುತು ಉಳಿದ ನಾಲಿಗೆ, ಐಸ್‌ಕ್ಯಾಂಡಿಯ ಬಣ್ಣ ಇನ್ನೂ ಹೋಗದ ಮಕ್ಕಳ ನಾಲಿಗೆ. ಒಂದೊಂದರ ಹಿಂದೆಯೂ ಯಾವುದೋ ರುಚಿ ಮೆಲ್ಲಗೆ ಬಂದು, ಇದು ಯಾವುದಿತ್ತಪ್ಪಾ ಎಂದುಕೊಳ್ಳುವಷ್ಟರಲ್ಲಿ ಹೋಗಿಬಿಡುತ್ತದೆ.

ಇದನ್ನೆಲ್ಲ ಬರೆಯಿರಿ ಎಂದು ಗಂಟುಬಿದ್ದವಳು ನಂದಿನಿ. ನನ್ನ ಕೊನೆಯ ವರ್ಷಗಳಲ್ಲಿ ಮೈಸೂರಿನಿಂದ ನಮ್ಮ ಆಸ್ಪತ್ರೆಗೆ ಬಂದ ಕಿರಿಯ ಡಾಕ್ಟರು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗುತ್ತದಂತೆ. ಆಗಲಿ ತಾಯಿ, ಬರೆದಿದ್ದೇನೆ. ಇಲ್ಲಿ ತೆಲುಗಿನಲ್ಲಿ ಆಡಿದ ಮಾತುಗಳನ್ನೂ ಕನ್ನಡದಲ್ಲೇ ಹೇಳಿದ್ದೇನೆ, ಬೈಯಬೇಡಿ.

ಮೊದಲು ಒಂದು ಕೆಲಸ ಮಾಡಿ. ಹತ್ತಿಯಿಂದ ನಿಮ್ಮ ನಾಲಿಗೆಯ ತುದಿಯನ್ನು ಒಣಗುವಂತೆ ಒರೆಸಿ. ಅದರ ಮೇಲೆ ಸಕ್ಕರೆಯ ಒಂದು ಹರಳು ಇಟ್ಟುಕೊಂಡು, ಬಾಯಿ ಮುಚ್ಚದೆ ಸುಮ್ಮನೆ ಕುಳಿತುಕೊಳ್ಳಿ. ಏನೂ ಗೊತ್ತಾಗುವುದಿಲ್ಲ, ಮರಳು ಇಟ್ಟ ಹಾಗೆ ಇರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಜೊಲ್ಲು ಒಸರಿ ಬರುತ್ತದೆ, ಹರಳಿನ ಅಂಚು ಕರಗುತ್ತದೆ, ಸಿಹಿ ಹುಟ್ಟುತ್ತದೆ. ಆ ಗಳಿಗೆ ನನಗೆ ಇಂದಿಗೂ ಸೋಜಿಗ. ನಾಲಿಗೆಯ ಮೇಲೆ ಕಣ್ಣಿಗೆ ಕಾಣುವ ಉಬ್ಬುಗಳೇ ರುಚಿ ಹಿಡಿಯುತ್ತವೆ ಎಂದು ಜನ ತಿಳಿದಿದ್ದಾರೆ. ಉಬ್ಬುಗಳು ಬರೀ ಮನೆ. ಅವುಗಳ ಗೋಡೆಯಲ್ಲಿ ಅಡಗಿ ಕುಳಿತ ರುಚಿಮೊಗ್ಗುಗಳು ಬೇರೆ, ಅವು ಕಣ್ಣಿಗೆ ಕಾಣುವುದಿಲ್ಲ. ಪ್ರತಿಯೊಂದು ಮೊಗ್ಗಿಗೂ ಒಂದು ಸಣ್ಣ ಬಾಯಿ. ಕರಗಿ ಬಂದದ್ದನ್ನು ಮಾತ್ರ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ನಾಲಿಗೆಯ ನಡುವೆ ಮಖಮಲ್ಲಿನಂತೆ ಹಬ್ಬಿರುವ ಸಣ್ಣ ಉಬ್ಬುಗಳಲ್ಲಿ ಮೊಗ್ಗುಗಳೇ ಇಲ್ಲ, ಅವು ಅನ್ನವನ್ನು ಹಿಡಿದು ತಳ್ಳುವುದಕ್ಕೆ ಇರುವವು.

ಹಿಂಬದಿಯಲ್ಲಿ, ಗಂಟಲಿನ ಹತ್ತಿರ, ದಪ್ಪ ಉಬ್ಬುಗಳ ಒಂದು ಸಾಲು ಎಲ್ಲರಿಗೂ ಇರುತ್ತದೆ. ಕನ್ನಡಿಯಲ್ಲಿ ಅದನ್ನು ಕಂಡು, ದೊಡ್ಡ ರೋಗವೇ ಬಂತೆಂದು ಬೆವರುತ್ತಾ ಬರುವವರು ನಿಮಗೆ ವಾರಕ್ಕೊಬ್ಬರಾದರೂ ಸಿಗುತ್ತಾರೆ. ನಗಬೇಡಿ. ಕೈಗೆ ಕನ್ನಡಿ ಕೊಟ್ಟು, ಜೊತೆಗೆ ಬಂದವರ ಬಾಯಿಯಲ್ಲೂ ಅದೇ ಸಾಲನ್ನು ತೋರಿಸಿ. ಮಾತ್ರೆ ಬೇಕಾಗುವುದಿಲ್ಲ.

ವಿಜಯವಾಡದ ದಿನಗಳಲ್ಲಿ ನನಗೆ ಒಂದು ದೊಡ್ಡ ನಾಲಿಗೆಯ ಚಿತ್ರ ಬೇಕಾಯಿತು. ಪುಸ್ತಕದ ಚಿತ್ರ ಹಳ್ಳಿಯವರಿಗೆ ಕಾಣುತ್ತಿರಲಿಲ್ಲ. ಆಟೋನಗರದಲ್ಲಿ ಲಾರಿಗಳ ಮೇಲೆ ನವಿಲು, ತಾವರೆ ಬರೆಯುವ ಅಪ್ಪಲರಾಜು ಎಂಬ ಪೇಂಟರ್ ಇದ್ದಾನೆಂದು ಯಾರೋ ಹೇಳಿದರು. ಹೋದೆ. ವಿಶಾಖಪಟ್ಟಣದ ಕಡಲ ಕಡೆಯವನು, ತೆಳ್ಳಗೆ ಇದ್ದ. ನನ್ನ ತೆಲುಗು ಕೇಳಿದವನೇ ನಕ್ಕು, "ಅಕ್ಕಾರ, ಕನ್ನಡದಾಗ ಹೇಳ್ರಿ, ನಂಗ ಬರ್ತೈತಿ" ಎಂದ. ಅಚ್ಚ ಗದಗಿನ ಕನ್ನಡ. ಅವನ ಹೆಂಡತಿ ಗಂಗವ್ವ ಗದಗಿನವಳು. ರೈಲ್ವೆಯಲ್ಲಿದ್ದ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾದಾಗ ಹುಡುಗಿಯಾಗಿ ಬಂದವಳು. ಲವ್ ಮ್ಯಾರೇಜು. ಜಗಳವಾಡುವುದಕ್ಕಾದರೂ ಅವಳ ಭಾಷೆ ಬೇಕಲ್ಲ ಎಂದು ಕಲಿತನಂತೆ.

ಆ ಕಾಲದಲ್ಲಿ ನಮಗೆ ಕಲಿಸಿದ್ದು ಹೀಗೆ: ತುದಿಯಲ್ಲಿ ಸಿಹಿ, ಪಕ್ಕಗಳಲ್ಲಿ ಉಪ್ಪು ಮತ್ತು ಹುಳಿ, ಹಿಂದೆ ಕಹಿ. ನಾನು ಹೇಳಿದೆ, ಅವನು ತಗಡಿನ ಮೇಲೆ ಬರೆದ. ಗುಲಾಬಿ, ನೀಲಿ, ಹಳದಿ, ಹಸಿರು. ಸುತ್ತ ತಾವರೆಯ ಬಳ್ಳಿ. ಬರೆದು ಮುಗಿಸಿ ಕುಂಚ ಹಿಡಿದೇ ನಿಂತ.

"ಖಾರ ಎಲ್ಲಿ ಅಕ್ಕಾರ?"

"ಖಾರಕ್ಕ ಜಾಗ ಇಲ್ಲಪ್ಪ. ಖಾರ ರುಚಿ ಅಲ್ಲ, ಅದು ಉರಿ. ಬೆಂಕಿ ಸುಟ್ಟಾಗ ಗೊತ್ತಾಗ್ತದಲ್ಲ, ಅದೇ ನರ."

ಅವನ ಮುಖ ಸಪ್ಪಗಾಯಿತು. ಆಂಧ್ರದ ಮನುಷ್ಯನಿಗೆ ಖಾರಕ್ಕೆ ನಾಲಿಗೆಯಲ್ಲಿ ಜಾಗವಿಲ್ಲ ಎಂದರೆ ಹೇಗೆ ಸಹಿಸಿಯಾನು? ಮರುದಿನ ಚಿತ್ರ ತರಲು ಹೋದಾಗ ಕೆಳಗಿನ ಮೂಲೆಯಲ್ಲಿ ಒಂದು ಕೆಂಪು ಮೆಣಸಿನಕಾಯಿ ಸೇರಿಕೊಂಡಿತ್ತು. ಇರಲಿ ಎಂದುಕೊಂಡು ದುಡ್ಡು ಕೊಟ್ಟೆ.

ಅದೇ ಹೊತ್ತಿಗೆ ಗಂಗವ್ವ ಅವನಿಗೆ ಊಟದ ಡಬ್ಬಿ ತಂದಳು. ಕನ್ನಡದವಳೆಂದು ತಿಳಿದ ಮೇಲೆ ನನ್ನನ್ನು ಬಿಡಲಿಲ್ಲ. ಶೆಡ್ಡಿನ ನೆರಳಲ್ಲಿ, ಪೇಂಟಿನ ವಾಸನೆಯ ನಡುವೆ, ಬಿಸಿ ಅನ್ನ ಮತ್ತು ಅವಳು ಹಾಕಿದ ಆವಕಾಯಿ, ಮಾವಿನ ಉಪ್ಪಿನಕಾಯಿ. ಸಾಸಿವೆಯ ಘಾಟು ಮೊದಲು ಮೂಗಿಗೆ ಬಂತು, ಆಮೇಲೆ ಹುಳಿ, ಆಮೇಲೆ ಎಲ್ಲವನ್ನೂ ಒಂದು ಮಾಡುವ ಉಪ್ಪು. ಅತ್ತೆಮನೆಯಲ್ಲೂ ಅಂಥದ್ದು ತಿಂದಿರಲಿಲ್ಲ. ಅಪ್ಪಲರಾಜು ಪ್ರತಿ ತುತ್ತಿಗೂ "ಬಾಗುಂದಿ" ಎನ್ನುತ್ತಿದ್ದ. ಚೆನ್ನಾಗಿದೆ ಎಂದು. ಊಟದ ಹೊತ್ತಿನಲ್ಲಿ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಈ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿದಾಗ ತೇಲಿ ಬರುವ ರುಚಿಗಳಲ್ಲಿ ಅದೂ ಒಂದು.

ಮುಂದೆ ನನ್ನವರಿಗೆ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆವು. ಗಾಜುವಾಕದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾಲಿಗೆಯ ತಗಡೂ ಜೊತೆಗೆ ಬಂತು. ಅಲ್ಲಿ ನನ್ನ ಮೇಲಿನವರು ಸೂರ್ಯರಾವ್ ಗಾರು. ಬಿಳಿ ಪ್ಯಾಂಟು, ಬಿಳಿ ಷರ್ಟು, ನಗುವಿಗೆ ಬರಗಾಲ. ಮೊದಲ ದಿನ ನಾನು ಒಬ್ಬ ಮುದುಕಿಯ ಹಲ್ಲು, ನಾಲಿಗೆ ಎಲ್ಲ ನೋಡಿ ಚೀಟಿ ಬರೆಯುತ್ತಿದ್ದೆ. ಹಿಂದಿನಿಂದ ದನಿ ಬಂತು. "ಅಮ್ಮಾ, ಮಾಳಿಗೆ ನೋಡಿದಿರಾ?"

ನಾನು ಪೆದ್ದಿಯಂತೆ ಕೋಣೆಯ ಸೂರು ನೋಡಿದೆ. ಅವರು ಮುದುಕಿಯ ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿಯ ಅಂಗುಳಕ್ಕೆ ಟಾರ್ಚು ಹಿಡಿದರು. ಅಂಗುಳವೆಲ್ಲ ಬೆಳ್ಳಗೆ ಗಟ್ಟಿಯಾಗಿ, ನಡುನಡುವೆ ಕೆಂಪು ಚುಕ್ಕೆಯ ಗುಳ್ಳೆಗಳು. "ಅಡ್ಡಪೊಗ" ಎಂದರು, ಅಡ್ಡ ಹೊಗೆ.

ಈ ಕಡಲತೀರದ ಊರುಗಳಲ್ಲಿ ಹಿಂದಿನ ತಲೆಮಾರಿನ ಹೆಂಗಸರು ತಂಬಾಕಿನ ಚುಟ್ಟ ಸೇದುವುದು ಹೀಗೆ. ಉರಿಯುವ ತುದಿ ಬಾಯಿಯೊಳಗೆ, ತಣ್ಣನೆಯ ತುದಿ ಹೊರಗೆ. ಗಾಳಿಗೆ ಆರುವುದಿಲ್ಲ, ಬೂದಿ ಅಡುಗೆಗೆ ಬೀಳುವುದಿಲ್ಲ, ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತವೆ. ಅತ್ತೆಯಿಂದ ಸೊಸೆಗೆ ಬರುವ ಅಭ್ಯಾಸ. ಸೇದುವವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಹಲವರಿಗೆ ಅದು ಕ್ಯಾನ್ಸರಿಗೆ ತಿರುಗುತ್ತದೆ. ಇದನ್ನು ನನಗೆ ಯಾವ ಪಾಠದಲ್ಲೂ ಯಾರೂ ಹೇಳಿರಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೂ ನಾನು ಮೊದಲು ನೋಡಿದ್ದು ಮಾಳಿಗೆಯನ್ನೇ. ನೀವೂ ನೋಡಿ.

ಇದೇ ಸೂರ್ಯರಾವ್ ಗಾರು ಒಮ್ಮೆ ನನ್ನ ಕೈಗೆ ಸಿಕ್ಕಿದರು. ನಾಲಿಗೆಗೆ ನೀಲಿ ಬಣ್ಣ ಸವರಿದರೆ ಮಖಮಲ್ಲಿನ ಭಾಗ ನೀಲಿಯಾಗುತ್ತದೆ, ಅಣಬೆಯಾಕಾರದ ಉಬ್ಬುಗಳು ಮಾತ್ರ ಗುಲಾಬಿಯಾಗಿಯೇ ಉಳಿಯುತ್ತವೆ. ಯಾರಿಗೆ ಎಷ್ಟು ಒತ್ತಾಗಿವೆ ಎಂದು ನೋಡುವ ಸುಲಭದ ದಾರಿ. ಆ ವಿಧಾನ ಹೊಸದಾಗಿ ಬಂದಾಗ, "ನನ್ನ ಮೇಲೆ ಮಾಡಿ ನೋಡಿ" ಎಂದು ಅವರೇ ನಾಲಿಗೆ ಚಾಚಿದರು. ಸವರಿ ಮುಗಿದದ್ದೇ ತಡ, ಆಸ್ಪತ್ರೆಯ ಆಡಳಿತದವರು ಮೀಟಿಂಗಿಗೆ ಕರೆದರು. ಬಾಯಿ ತೊಳೆಯುವುದನ್ನು ಮರೆತೇ ಹೋದರು ಮಹಾನುಭಾವರು. ಔಷಧಿ ಸಾಲುತ್ತಿಲ್ಲವೆಂದು ನೀಲಿ ನಾಲಿಗೆಯಲ್ಲಿ ಸಿಟ್ಟಾಗಿ ಮಾತಾಡಿದರಂತೆ. ಎದುರಿಗಿದ್ದವರು ಹೆದರಿ, ಕೇಳಿದ್ದನ್ನೆಲ್ಲ ಒಪ್ಪಿಕೊಂಡರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆ ಸಂಜೆಯೊಂದೇ.

ಗಂಗವ್ವ ಮತ್ತೆ ಸಿಕ್ಕಿದ್ದು ಬಹಳ ವರ್ಷಗಳಾದ ಮೇಲೆ. ಸೂರ್ಯರಾವ್ ಗಾರು ನಿವೃತ್ತರಾಗಿ ಅವರ ಕುರ್ಚಿಯಲ್ಲಿ ನಾನಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ ಒಬ್ಬಳು ಹೆಂಗಸು ಬಾಗಿಲಲ್ಲಿ ನಿಂತು ಗೋಡೆಯ ತಗಡನ್ನೇ ನೋಡುತ್ತಿದ್ದಳು. "ಇದು ನಮ್ಮವರು ಬರದಿದ್ದಲ್ಲೇನ್ರಿ?" ಎಂದಳು. ಹಿಂದೆ ಅವಳ ಸೊಸೆ ಲಕ್ಷ್ಮಿ, ಕನ್ನಡ ಬಾರದ ತೆಲುಗು ಹುಡುಗಿ. ಅಪ್ಪಲರಾಜು ಆಟೋನಗರ ಬಿಟ್ಟು ತನ್ನೂರ ಕಡೆಗೆ ಬಂದು, ಈಗ ಮಗನ ಜೊತೆ ಗಾಜುವಾಕದಲ್ಲೇ ಇದ್ದ.

"ನಾಲಿಗಿ ಮ್ಯಾಲ ಗುಳ್ಳಿ ಎದ್ದಾವ್ರಿ ಅಕ್ಕಾರ. ಅದಕ್ಕ ಉಪ್ಪು ಹುಳಿ ಹತ್ತವಲ್ದು. ದಿನಾ ಕೆರದು ತಗೀತೀನಿ, ಮತ್ತ ಏಳ್ತಾವು."

ಸ್ಟೀಲಿನ ಪಟ್ಟಿಯಿಂದ ರಕ್ತ ಬರುವ ಹಾಗೆ ಕೆರೆದುಕೊಂಡಿದ್ದಳು. ರುಚಿಯ ಮನೆಗಳನ್ನೇ ರೋಗವೆಂದು ತಿಳಿದು ಕಿತ್ತು ಹಾಕುತ್ತಿದ್ದಳು ಪಾಪ. ನಾಲಿಗೆ ನೋಡಿ, ತಲೆ ಬಾಗಿಸಿ ಮಾಳಿಗೆ ನೋಡಿದೆ. ಬಿಳಿ ಅಂಗುಳ, ಕೆಂಪು ಚುಕ್ಕೆಗಳು.

"ಗಂಗವ್ವ, ಗದಗಿನಾಕಿ ನೀನು. ಇದನ್ನ ಎಲ್ಲಿ ಕಲ್ತಿ?"

ತಲೆ ತಗ್ಗಿಸಿದಳು. "ನಮ್ಮತ್ತಿ ಕಲಿಸಿದರ್ರಿ. ಇಲ್ಲಿಗೆ ಬಂದ ಹೊಸದಾಗ ಒಬ್ಬಾಕೀನ ಕೂತು ಅಳತಿದ್ದೆ. ಬಾ, ನನ್ನ ಬಾಜೂ ಕೂಡು, ಅಂತ ಹಚ್ಚಿ ಕೊಟ್ರು. ಇಬ್ರೂ ಕೂಡಿ ಸೇದತಿದ್ವಿ. ನಮ್ಮ ಗದಗಿನವರಿಗೆ ಗೊತ್ತಿಲ್ರಿ, ಹೇಳಬ್ಯಾಡ್ರಿ."

ಅವಳಿಗೆ ಅಂಗುಳದ ಚಿಂತೆಯೇ ಇರಲಿಲ್ಲ. ಅವಳ ಚಿಂತೆ ಆವಕಾಯಿಯದು. ಬೀದಿಯವರೆಲ್ಲ ಬೇಸಿಗೆಯಲ್ಲಿ ಮಾವಿನಕಾಯಿ ತಂದು ಅವಳ ಮುಂದೆ ಸುರಿಯುತ್ತಿದ್ದರು. ಕಲಸುವುದು ಯಾರಾದರೂ ಸರಿ, ಮೂರನೆಯ ದಿನ ಜಾಡಿ ತೆರೆದು, ತಿರುವಿ, ಉಪ್ಪು ಸಾಕೇ ಬೇಕೇ ಎಂದು ಹೇಳುವವಳು ಗಂಗವ್ವ. ಕೆಲವು ವರ್ಷಗಳಿಂದ ಉಪ್ಪು ಏರುತ್ತಲೇ ಹೋಗಿತ್ತು. ಲಕ್ಷ್ಮಿ ಮೆಲ್ಲಗೆ ಹೇಳಿದರೆ ಅಪ್ಪಲರಾಜು, "ನಿನ್ನ ನಾಲಿಗೆಗೇ ಏನೋ ಆಗಿದೆ" ಎಂದು ಸೊಸೆಯ ಬಾಯಿ ಮುಚ್ಚಿಸುತ್ತಿದ್ದನಂತೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯವರು ಇವಳು ಕೊಟ್ಟ ಡಬ್ಬಿಯನ್ನು ಹಾಗೆಯೇ ವಾಪಸು ತಂದಿಟ್ಟರು. "ಅತ್ತಯ್ಯಾ, ಈ ಸಲ ಅಂಗಡಿಯಿಂದ ತರೋಣ" ಎಂದು ಲಕ್ಷ್ಮಿ ಅಂದದ್ದು ಆಗಲೇ.

"ಜಾಡಿಗೆ ಕೈ ಹಾಕಬ್ಯಾಡ ಅಂದಂಗಾತಲ್ರಿ," ಎಂದಳು ಗಂಗವ್ವ. "ಈ ಊರಾಗ ನಂಗ ಇದ್ದದ್ದು ಅದೊಂದ."

ಡ್ರಾಪರಿನಿಂದ ಉಪ್ಪುನೀರು ಹಾಕಿದೆ. "ನೀರು" ಎಂದಳು. ಬಾಯಿ ತೊಳೆಸಿ ಇನ್ನೂ ಗಟ್ಟಿಯದು ಹಾಕಿದೆ. "ನೀರು." ಸಮುದ್ರದ ನೀರಿನಷ್ಟು ಗಟ್ಟಿಯದು ಹಾಕಿದಾಗ, "ಏನೋ ಐತ್ರಿ, ಏನಂತ ಗೊತ್ತಾಗವಲ್ದು" ಎಂದು ಅತ್ತುಬಿಟ್ಟಳು.

ಅಂಗುಳದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ವರದಿ ಬರುವವರೆಗೂ ನನಗೆ ಊಟ ಸೇರಲಿಲ್ಲ. ಬಂತು, ಕೆಟ್ಟದ್ದೇನೂ ಇರಲಿಲ್ಲ. ಆದರೆ ಚುಟ್ಟ ಬಿಡದಿದ್ದರೆ ಇರುತ್ತದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅದಕ್ಕೆ ಅವಳು ಅಲುಗಲಿಲ್ಲ. ಆಗ ನಾನು ಬೇರೆ ಮಾತು ಹೇಳಿದೆ. "ರುಚಿಮೊಗ್ಗು ಹಳೇವು ಸಾಯ್ತಾವ, ಹೊಸಾವು ಹುಟ್ತಾವ. ಹತ್ತು ಹದಿನೈದು ದಿನಕ್ಕೊಮ್ಮೆ ನಡೀತಾನ ಇರ್ತದ. ನೀನು ಹುಟ್ಟಿದ್ದನ್ನೆಲ್ಲ ಸುಡ್ಲಿಕ್ಕೆ ಹತ್ತೀದಿ. ಸುಡೂದು ಬಿಡು, ಕೆರೆಯೂದು ಬಿಡು, ನೋಡೋಣು."

"ಮಾವಿನಕಾಯಿ ಬರೂದ್ರಾಗ ಬರ್ತೈತೇನ್ರಿ?"

ಬರುತ್ತದೆಂದು ಮಾತು ಕೊಡಲಾಗಲಿಲ್ಲ. ವಯಸ್ಸಾದವರಲ್ಲಿ ಅದು ನಿಧಾನ. "ನೋಡೋಣು" ಎಂದೇ ಅಂದೆ.

ಬಿಡುವುದು ಸುಲಭವಾಗಿರಲಿಲ್ಲ. ಹಚ್ಚದ ಚುಟ್ಟವನ್ನು ತುಟಿಯಲ್ಲಿಟ್ಟುಕೊಂಡು ಬರುತ್ತಿದ್ದಳು, ಲವಂಗ ಜಗಿಯುತ್ತಿದ್ದಳು, ನನ್ನ ಮೇಲೆ ರೇಗುತ್ತಿದ್ದಳು. ಸಾಮಾನ್ಯವಾಗಿ ಮಧ್ಯಾಹ್ನ, ರೋಗಿಗಳ ಗದ್ದಲ ಮುಗಿದ ಮೇಲೆ ಬರುವಳು. ಫ್ಯಾನು ಮೆಲ್ಲಗೆ ತಿರುಗುತ್ತಿರುತ್ತಿತ್ತು. ನಾನು ಒಂದು ಹನಿ ಹಾಕಿ ಕಾಯುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೂಡುತ್ತಿದ್ದಳು. ಇಬ್ಬರೂ ಎಲ್ಲೋ ದೂರದಿಂದ ಬರಬೇಕಾದ ಯಾರಿಗೋ ಕಾದ ಹಾಗೆ. ಕೆಲವು ಸಲ ಕಾಯುತ್ತಾ ಅವಳು ತೂಕಡಿಸುತ್ತಿದ್ದಳು, ನಾನೂ ಎಬ್ಬಿಸುತ್ತಿರಲಿಲ್ಲ.

ಒಂದು ದಿನ ಹುಳಿ ಬಂತು. ನಿಂಬೆಯ ಹನಿಗೆ ಅವಳ ಮುಖ ಹಿಂಡಿತು, ಹಿಂಡಿದ ಮುಖದಲ್ಲೇ ನಕ್ಕಳು. ಕೆಲವು ವಾರಗಳಾದ ಮೇಲೆ, ಮಾವು ಕಾಯಿ ಕಚ್ಚುವ ಹೊತ್ತಿಗೆ, ತೆಳುವಾದ ಹನಿಯೊಂದಕ್ಕೆ ಕಣ್ಣು ತೆರೆಯದೆಯೇ "ಉಪ್ಪ" ಎಂದಳು. ಮತ್ತೊಮ್ಮೆ ಬರೀ ನೀರು ಹಾಕಿ ಮೋಸ ಮಾಡಿ ನೋಡಿದೆ. "ಇದು ನೀರು, ಚಾಷ್ಟಿ ಮಾಡಬ್ಯಾಡ್ರಿ." ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳನ್ನು ತಬ್ಬಿಕೊಂಡೆ.

ಮುಂದಿನ ಸಲ ಬಂದಾಗ ಅವಳ ಮುಖ ಇಳಿದಿತ್ತು. ಮನೆಗೆ ಹೋಗಿ ಹಳೆಯ ಜಾಡಿಯ ಆವಕಾಯಿ ಬಾಯಿಗೆ ಹಾಕಿಕೊಂಡಿದ್ದಳು.

"ಬಾಯಾಗ ಇಡ್ಲಿಕ್ಕೆ ಆಗಲಿಲ್ರಿ ಅಕ್ಕಾರ. ಇಷ್ಟು ವರ್ಷ ಈ ಮನಶ್ಯಾ ಇದನ್ನ ಹೆಂಗ ಉಂಡ? ಎರಡೂ ಹೊತ್ತು ಬಾಗುಂದಿ ಬಾಗುಂದಿ ಅಂತಿದ್ದ."

"ಕೇಳಿದೇನು?"

"ಇಲ್ರಿ. ಕೇಳಿದ್ರ ಅವರ ಮುಖಾ ಹೆಂಗ ನೋಡ್ಲಿ?"

ನಂದಿನಿ ನಮ್ಮಲ್ಲಿಗೆ ಬಂದದ್ದು ಆಗಲೇ. ಬಂದ ವಾರದಲ್ಲೇ ತಗಡಿನ ಮುಂದೆ ನಿಂತು, "ಮೇಡಂ, ಬೇಜಾರು ಮಾಡ್ಕೋಬೇಡಿ, ಈ ಚಿತ್ರ ತಪ್ಪು" ಎಂದಳು. ಎಲ್ಲ ರುಚಿಗಳನ್ನೂ ನಾಲಿಗೆಯ ಎಲ್ಲ ಮೊಗ್ಗುಗಳೂ ಹಿಡಿಯುತ್ತವಂತೆ, ಹಂಚಿಕೆ ಎಂಬುದೇ ಇಲ್ಲವಂತೆ. ಮೈ ಉರಿಯಿತು. ನಿನ್ನೆ ಮೊನ್ನೆ ಬಂದವಳು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು, ಕಹಿಯ ಹನಿಯನ್ನು ನನ್ನ ನಾಲಿಗೆಯ ತುದಿಗೆ ಹಾಕಿಕೊಂಡೆ. ಕಹಿ, ಕಹಿ, ಶುದ್ಧ ಕಹಿ. ಅಷ್ಟೊಂದು ಡ್ರಾಪರು ಹಿಡಿದ ಕೈಗೆ ಅದನ್ನು ನೋಡಬೇಕೆಂದು ಹೊಳೆದೇ ಇರಲಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಇರುವುದನ್ನು ಯಾರೂ ಪರೀಕ್ಷಿಸುವುದಿಲ್ಲ.

ಬೇಸಿಗೆ ಬಂತು. ಆವಕಾಯಿ ಹಾಕಿದ ಮೂರನೆಯ ದಿನ ಲಕ್ಷ್ಮಿಯೇ ಫೋನು ಮಾಡಿ ನನ್ನನ್ನು ಕರೆದಳು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಲಕ್ಷ್ಮಿ ಜಾಡಿಯ ಬಟ್ಟೆ ಬಿಚ್ಚಿ, ಸೌಟನ್ನು ತಾನು ಹಿಡಿಯದೆ ಅತ್ತೆಯ ಕೈಗೆ ಕೊಟ್ಟಳು. ಗಂಗವ್ವ ತಿರುವಿದಳು, ಬೆರಳಿಗೆ ಸವರಿಕೊಂಡು ನಾಲಿಗೆಗೆ ಇಟ್ಟಳು. ಕಣ್ಣು ಮುಚ್ಚಿದಳು.

"ಇನ್ನೊಂದು ಹಿಡಿ ಬೇಕು" ಎಂದಳು ತೆಲುಗಿನಲ್ಲಿ.

ಉಪ್ಪಿನ ವಿಷಯದಲ್ಲಿ ಸುಟ್ಟುಕೊಂಡಿದ್ದ ಮನೆ ಅದು. ಲಕ್ಷ್ಮಿ ಅತ್ತೆಯ ಮುಖ ನೋಡಿದಳು. ತಾನೂ ರುಚಿ ನೋಡಿದಳು, ಹೌದೆಂದು ತಲೆಯಾಡಿಸಿ ಉಪ್ಪಿನ ಡಬ್ಬಿ ತಂದಳು. ಆ ಸಂಜೆ ಪಕ್ಕದ ಮನೆಯವರ ಡಬ್ಬಿಯೂ ತುಂಬಿಕೊಂಡು ಹೋಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಿವೃತ್ತಿಗೆ ಸ್ವಲ್ಪ ಮೊದಲು, ಚಿತ್ರವನ್ನು ಸರಿಮಾಡಿ ಹೋಗಬೇಕೆಂದು ಅಪ್ಪಲರಾಜುವನ್ನು ಕರೆಸಿದೆ. ಕೈ ಸ್ವಲ್ಪ ನಡುಗುತ್ತಿತ್ತು, ಕುಂಚ ಹಿಡಿದರೆ ನಡುಗುತ್ತಿರಲಿಲ್ಲ. ನನ್ನ ಕೋಣೆಯಲ್ಲೇ ತಗಡನ್ನು ನೆಲಕ್ಕಿಟ್ಟುಕೊಂಡು, ನಾಲ್ಕು ಬಣ್ಣಗಳ ಗಡಿಯನ್ನು ಅಳಿಸಿ, ನಾಲಿಗೆಯನ್ನೆಲ್ಲ ಗುಲಾಬಿ ಮಾಡಿದ. ಮೆಣಸಿನಕಾಯಿಯ ಹತ್ತಿರ ಹೋಗಿ ನನ್ನ ಕಡೆ ನೋಡಿದ. "ಇರಲಿ ಬಿಡಪ್ಪ" ಎಂದೆ.

ಆಮೇಲೆ ಮೆಲ್ಲಗೆ ಹೇಳಿದ. "ಅಕ್ಕಾರ, ನನ್ನ ನಾಲಿಗೀನೂ ಒಮ್ಮೆ ನೋಡ್ರಿ. ಈ ಬ್ಯಾಸಗಿಯಿಂದ ಯಾವುದಕ್ಕೂ ಉಪ್ಪ ಇಲ್ಲ."

ಮಾಳಿಗೆ ನೋಡಿದೆ, ಸ್ವಚ್ಛ. ಹನಿ ಹಾಕಿದೆ. ಎಲ್ಲ ಸರಿಯಾಗಿ ಹೇಳಿದ. ನಾಲಿಗೆಗೆ ಏನೂ ಆಗಿರಲಿಲ್ಲ. ಹೆಚ್ಚು ಉಪ್ಪು ತಿಂದು ತಿಂದು, ಸರಿಯಾದದ್ದು ಸಪ್ಪೆಯಾಗಿತ್ತು. ಹಾಗೆಂದೆ. ಅವನು ಕುಂಚ ತೊಳೆಯತೊಡಗಿದ.

"ಉಪ್ಪು ಹೆಚ್ಚಾಗಿದ್ದು ಮೊದಲಿಂದಾನೂ ಗೊತ್ತಿತ್ತೇನು?" ಎಂದೆ.

"ಮೊದಲನೇ ದಿನಾನ ಗೊತ್ತಾಗಿತ್ತು. ಹೇಳಿದ್ರ ಆಕಿ ಜಾಡಿ ಮುಟ್ಟತಿರಲಿಲ್ಲ. ಊರು ಬಿಟ್ಟು, ಮಂದಿ ಬಿಟ್ಟು ನನ್ನ ಹಿಂದ ಬಂದಾಕಿ. ಆಕಿಗೆ ಹೇಳಬ್ಯಾಡ್ರಿ ಅಕ್ಕಾರ."

ಹೇಳುವುದಿಲ್ಲ ಎಂದೆ. ಸ್ವಲ್ಪ ಸ್ವಲ್ಪವೇ ಉಪ್ಪು ಕಡಿಮೆ ಮಾಡಿಕೊಂಡು ಬಂದರೆ ನಾಲಿಗೆ ದಾರಿಗೆ ಬರುತ್ತದೆ ಎಂದೂ ಹೇಳಿದೆ. ಅವನು ಕೈ ತೊಳೆಯಲು ನಲ್ಲಿಯ ಕಡೆ ಹೋದ. ಅಷ್ಟರಲ್ಲಿ ಗಂಗವ್ವ ಡಬ್ಬಿ ಹಿಡಿದು ಬಂದಳು, ಆಟೋನಗರಕ್ಕೆ ಬರುತ್ತಿದ್ದ ಹಾಗೆಯೇ. ಅನ್ನ, ಬೇಳೆಯ ಪಪ್ಪು, ಸಣ್ಣ ಬಟ್ಟಲಲ್ಲಿ ಆವಕಾಯಿ. ಅವನು ದೂರ ಇದ್ದಾನೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದಳು.

"ಅವರು ಹೊಸಾದು ಉಣವಲ್ರು, ಬರೀ ಕಲಸತಾರ. ಅದಕ್ಕ ಹಳೇ ಜಾಡಿ ತೆಗದು ಇಟ್ಟೀನ್ರಿ. ಹೊಸಾದ್ರಾಗ ಹಳೇದು ಕೂಡಿಸ್ತೀನಿ. ದಿನಾ ಒಂದೀಟು ಕಮ್ಮಿ ಮಾಡ್ಕೊಂತ ಬರ್ತೀನಿ. ಅವರಿಗೆ ಹೇಳಬ್ಯಾಡ್ರಿ."

ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಅವರ ನಡುವೆ ಕುಳಿತೆ. ಅಪ್ಪಲರಾಜು ಮೊದಲ ತುತ್ತು ತಿಂದು, "ಇವತ್ತು ಉಪ್ಪ ಸ್ವಲ್ಪ ಗೊತ್ತಾಗತೈತಿ" ಎಂದ. ಗಂಗವ್ವ ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು. ಆಮೇಲೆ ಅದೇ ಬಟ್ಟಲಿನಿಂದ ನನ್ನ ಅನ್ನಕ್ಕೂ ಒಂದು ಹೋಳು ಹಾಕಿ, ಕಲಸಿಕೊಳ್ಳಲು ಎಣ್ಣೆಯನ್ನೂ ಹಾಕಿದಳು. ಬಾಯಿಗಿಟ್ಟೆ. ಉಪ್ಪು ನಾಲಿಗೆಯ ತುದಿಯಿಂದ ಬುಡದವರೆಗೆ ಏರಿ ಕಣ್ಣಲ್ಲಿ ನೀರಾಡಿತು. ಎಷ್ಟೋ ವರ್ಷ ಜನರ ಬಾಯಿಂದ ಇದ್ದ ರುಚಿಯನ್ನು ಇದ್ದ ಹಾಗೆ ಹೇಳಿಸಿದವಳು ನಾನು.

"ಹೆಂಗೈತ್ರಿ ಅಕ್ಕಾರ?" ಎಂದಳು ಗಂಗವ್ವ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಾಗುಂದಿ" ಎಂದೆ. ಇನ್ನೊಂದು ತುತ್ತು ಕಲಸಿಕೊಂಡೆ.